ಟಿಕೆಟ್ ಹರಿಯುವ ಕೈಗೂ ಒಂದು ಸ್ಟೈಲು!

ಚಿತ್ರರಸಿಕ ಮಿತ್ರರೇ, ನೀವು ಈ ಪುಟ ತೆರೆದಿರುವುದು ಬಹುಶಃ ಯಾವುದೋ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು. ನಿಮ್ಮ ಬಸ್ಸು ಇನ್ನೂ ಬಂದಿಲ್ಲ. ಬರಲಿ ಬಿಡಿ, ಅವಸರವೇನು? ಅಷ್ಟರೊಳಗೆ ಒಂದು ಬಸ್ಸಿನ ಕಥೆ ಹೇಳ್ತೀವಿ, ಕೇಳಿ. ಇದು ಸಿನಿಮಾ ಕಥೆಯೂ ಹೌದು!

ಸ್ಥಳ ಬೊಂಬಾಯಿ. ಕಾಲ 1950ರ ಆಸುಪಾಸು. ಬೆಸ್ಟ್ ಸಂಸ್ಥೆಯ ಒಂದು ಸಿಟಿ ಬಸ್ಸು. ಹೆಗಲಿಗೆ ಚರ್ಮದ ಚೀಲ ನೇತುಹಾಕಿಕೊಂಡ ಒಬ್ಬ ಸಣಕಲು ಕಂಡಕ್ಟರ್. ಮೀಸೆ ಮಾತ್ರ ಪೆನ್ಸಿಲಿನಲ್ಲಿ ಗೀಚಿದ ಹಾಗೆ! ಸ್ಟಾಪು ಬಂದರೆ ಎಲ್ಲ ಕಂಡಕ್ಟರುಗಳೂ ಹೆಸರು ಕೂಗ್ತಾರೆ. ಇವನೂ ಕೂಗುತ್ತಿದ್ದ. ಆದರೆ ಇವನು ಕೂಗುವ ವರಸೆಯೇ ಬೇರೆ. ಒಂದೊಂದು ಸ್ಟಾಪಿಗೆ ಒಂದೊಂದು ರಾಗ, ಒಂದೊಂದು ತಮಾಷೆ. ಕಚೇರಿಯಲ್ಲಿ ಸಾಹೇಬರ ಹತ್ತಿರ ಬೈಸಿಕೊಂಡು ಬಂದವನಿಗೂ ಆ ಬಸ್ಸಿನಲ್ಲಿ ನಗು ಬರುತ್ತಿತ್ತು.

ಕಂಡಕ್ಟರ್ ಹೆಸರು ಬದ್ರುದ್ದೀನ್ ಕಾಝಿ. ಇಂದೋರಿನ ಗಿರಣಿ ಕೆಲಸಗಾರನ ಮಗ. ಗಿರಣಿ ಮುಚ್ಚಿತು, ದೊಡ್ಡ ಸಂಸಾರ ಬೊಂಬಾಯಿಗೆ ಬಂದು ಬಿತ್ತು. ಹಣ್ಣು ತರಕಾರಿ ಮಾರಿ, ಐಸು ಮಾರಿ, ಕೊನೆಗೆ ಸಿಕ್ಕಿದ್ದು ಕಂಡಕ್ಟರ್ ಕೆಲಸ.

ಒಂದು ದಿನ ಆ ಬಸ್ಸು ಹತ್ತಿದವರು ಯಾರು ಬಲ್ಲಿರಾ? ನಟ ಬಲರಾಜ್ ಸಾಹ್ನಿ! ಆಗ ಅವರು ಗುರುದತ್ ನಿರ್ದೇಶಿಸಲಿದ್ದ 'ಬಾಝಿ' ಚಿತ್ರಕ್ಕೆ ಚಿತ್ರಕಥೆ ಬರೆಯುತ್ತಿದ್ದರು. ಕಂಡಕ್ಟರನ ಮೋಡಿ ನೋಡಿ ಬೆರಗಾದರು. "ಗುರುದತ್ ಮುಂದೆ ಹೋಗಿ ಕುಡುಕನ ಹಾಗೆ ಆಡು" ಅಂತ ಹೇಳಿಕೊಟ್ಟರು. ಕಂಡಕ್ಟರ್ ಹೋದ, ತೂರಾಡಿದ, ಗಲಾಟೆ ಮಾಡಿದ. ನಿಜವಾದ ಕುಡುಕನೇ ನುಗ್ಗಿದ ಅಂತ ಗುರುದತ್ ಸಿಡುಕಿದರಂತೆ. ಗುಟ್ಟು ರಟ್ಟಾದ ಮೇಲೆ ನಕ್ಕು ಪಾತ್ರ ಕೊಟ್ಟರು, ಜೊತೆಗೆ ಒಂದು ವಿಸ್ಕಿಯ ಹೆಸರನ್ನೂ ಕೊಟ್ಟರು. ಹೀಗೆ ಹುಟ್ಟಿದ ಜಾನಿ ವಾಕರ್! ಹೆಸರು ವಿಸ್ಕಿಯದ್ದು, ಆಸಾಮಿ ಮಾತ್ರ ಹನಿ ಮದ್ಯ ಮುಟ್ಟದವನು. ಮುಂದೆ 'ಸಿ.ಐ.ಡಿ.' (1956), 'ಪ್ಯಾಸಾ' (1957), 'ಮಧುಮತಿ' (1958) ಚಿತ್ರಗಳಲ್ಲಿ ಇಡೀ ದೇಶವನ್ನು ನಗಿಸಿ, 2003ರಲ್ಲಿ ತೀರಿಕೊಂಡ.

ಅದೃಷ್ಟ ಅಂತೀರಾ? ತಡೀರಿ!

"ಆಹಾ, ಅದೃಷ್ಟ ಅಂದ್ರೆ ಅದು ಗುರೂ! ಬಲರಾಜ್ ಸಾಹ್ನಿ ನಮ್ಮ ಬಸ್ಸಿಗೂ ಹತ್ತಬಾರದಿತ್ತಾ?" ಅಂತ ನೀವು ಅಂದುಕೊಳ್ಳುತ್ತಿದ್ದರೆ, ಸ್ವಾಮೀ, ಕಥೆಯ ಮುಖ್ಯವಾದ ರೀಲನ್ನೇ ಬಿಟ್ಟಿರಿ.

ಬಲರಾಜ್ ಸಾಹ್ನಿ ಬಸ್ಸು ಹತ್ತಿದಾಗ ಅಲ್ಲಿ ಆಟ ಆಗಲೇ ನಡೆಯುತ್ತಿತ್ತು. ಕ್ಯಾಮೆರಾ ಇರಲಿಲ್ಲ, ಲೈಟು ಇರಲಿಲ್ಲ, ಸಂಭಾವನೆಯೂ ಇರಲಿಲ್ಲ. ಸ್ಟಾಪಿನ ಹೆಸರನ್ನು ರಾಗವಾಗಿ ಕೂಗಿದ್ದಕ್ಕೆ ಸಂಬಳದಲ್ಲಿ ಒಂದಾಣೆ ಹೆಚ್ಚು ಕೊಡುವ ಕಂಪನಿ ಯಾವುದೂ ಇಲ್ಲ. ಆದರೂ ಆ ಮನುಷ್ಯ ದಿನಾ ಆ ಬಸ್ಸನ್ನು ಒಂದು ರಂಗಮಂಟಪ ಮಾಡಿಕೊಂಡಿದ್ದ. ಸಾಹ್ನಿ ಆ ದಿನ ಹಿಂದಿನ ಬಸ್ಸು ಹತ್ತಿದ್ದರೆ? ನಮಗೆ ಜಾನಿ ವಾಕರ್ ಸಿಗುತ್ತಿರಲಿಲ್ಲ, ನಷ್ಟ ನಮ್ಮದು. ಆದರೆ ಆ ಬಸ್ಸಿನ ಪ್ರಯಾಣಿಕರು ನಕ್ಕ ನಗು ಸುಳ್ಳಾಗುತ್ತಿತ್ತೇ? ದಿನವಿಡೀ ನಿಂತು ಕಾಲು ನೋಯಿಸಿಕೊಂಡ ಕಂಡಕ್ಟರನಿಗೆ ಆ ಎಂಟು ಗಂಟೆ ಹಗುರವಾಗಿ ಕಳೆದದ್ದು ಸುಳ್ಳಾಗುತ್ತಿತ್ತೇ? ಇಲ್ಲವಲ್ಲ!

ಪಂಡಿತರು 'ಸೃಜನಶೀಲತೆ' ಅಂತ ಬಾಯಿ ತುಂಬ ಕರೆಯುವುದು ಇದನ್ನೇ. ನಮ್ಮ ಊರ ಕಡೆ 'ತಲೆ ಓಡಿಸೋದು' ಅಂತೀವಿ, 'ಕೈಚಳಕ' ಅಂತೀವಿ. ಪದ ಯಾವುದಾದರೂ ಇರಲಿ. ಇದು ಬೆಳ್ಳಿತೆರೆಯ ಮೇಲಿನವರಿಗೆ ಮಾತ್ರ ಬರೆದುಕೊಟ್ಟ ಆಸ್ತಿ ಅಂತ ನಮ್ಮ ಹುಡುಗರು ನಂಬಿರುವುದೇ ತೊಂದರೆ. ಹೀರೋ ತೆರೆಯ ಮೇಲೆ ಕುಣಿಯುತ್ತಾನೆ, ನಾವು ಕೆಳಗೆ ಕೂತು ಶಿಳ್ಳೆ ಹೊಡೆಯುತ್ತೇವೆ, ಅಲ್ಲಿಗೆ ನಮ್ಮ ಪಾತ್ರ ಮುಗಿಯಿತು ಅಂತ!

ಗುಮಾಸ್ತರ ಚಿತ್ರ!

ಆ 'ಬಾಝಿ' ಚಿತ್ರವನ್ನೇ ಸ್ವಲ್ಪ ಹತ್ತಿರದಿಂದ ನೋಡಿ. 1951ರಲ್ಲಿ ತೆರೆಕಂಡ ಚಿತ್ರ. ಅದರ ಹಿಂದೆ ಯಾರ್ಯಾರಿದ್ದರು?

ನಿರ್ದೇಶಕ ಗುರುದತ್. ನಮ್ಮ ಬೆಂಗಳೂರಿನಲ್ಲೇ 1925ರಲ್ಲಿ ಹುಟ್ಟಿದವರು, ಪಡುಕೋಣೆ ಮನೆತನ. ನಿರ್ದೇಶಕರಾಗುವ ಮುಂಚೆ ಕಲ್ಕತ್ತೆಯ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್! "ಹಲೋ, ಯಾರು ಬೇಕು?" ಅನ್ನುವ ಕೆಲಸ. ನಾಯಕ ದೇವ್ ಆನಂದ್. ಅವರು ಮೊದಲು ಬೊಂಬಾಯಿಯಲ್ಲಿ ಮಿಲಿಟರಿ ಸೆನ್ಸಾರ್ ಕಚೇರಿಯಲ್ಲಿದ್ದವರು. ಸಿಪಾಯಿಗಳ ಕಾಗದ ಪತ್ರ ಓದುವ ಕೆಲಸ. ಇವರಿಬ್ಬರ ದೋಸ್ತಿ ಶುರುವಾದದ್ದು ಪೂನಾದ ಪ್ರಭಾತ್ ಸ್ಟುಡಿಯೋದಲ್ಲಿ, ಅದೂ ಅಗಸನ ದೆಸೆಯಿಂದ! ಒಬ್ಬರ ಅಂಗಿ ಇನ್ನೊಬ್ಬರ ಗಂಟಿಗೆ ಸೇರಿಬಿಟ್ಟಿತ್ತು. "ನಾನು ನಿರ್ಮಾಪಕನಾದರೆ ನೀನೇ ನಿರ್ದೇಶಕ, ನೀನು ನಿರ್ದೇಶಕನಾದರೆ ನಾನೇ ಹೀರೋ" ಅಂತ ಇಬ್ಬರೂ ಮಾತು ಕೊಟ್ಟುಕೊಂಡರು. ಆ ಮಾತಿನ ಮೇಲೆ ಬಂದದ್ದೇ 'ಬಾಝಿ'. ಹಾಸ್ಯಕ್ಕೆ ಕಂಡಕ್ಟರ್ ಜಾನಿ ವಾಕರ್.

ಕ್ಯಾಮೆರಾ ಹತ್ತಿರ ಇನ್ನೊಬ್ಬರು ನಿಂತಿದ್ದರು. ಅವರು ನಮ್ಮವರೇ! ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿ. ಪಿಟೀಲು ನುಡಿಸಬಲ್ಲ ಕೈ. 'ಬಾಝಿ'ಯಲ್ಲಿ ಅವರು ಬರೀ ಸಹಾಯಕ. ಒಂದು ಹಾಡಿನ ಚಿತ್ರೀಕರಣದ ಹೊತ್ತಿನಲ್ಲಿ "ಹೀಗೆ ತೆಗೆದರೆ ಹೇಗೆ?" ಅಂತ ಒಂದು ಜಟಿಲವಾದ ಶಾಟನ್ನು ಗುರುದತ್‌ಗೆ ಸೂಚಿಸಿದರು. ಛಾಯಾಗ್ರಾಹಕ ರಾತ್ರಾ ಅವರೂ ದೊಡ್ಡ ಮನಸ್ಸಿನವರು. "ಹೇಳಿದವನೇ ತೆಗೆಯಲಿ" ಅಂತ ಕ್ಯಾಮೆರಾ ಬಿಟ್ಟುಕೊಟ್ಟರು. ಮೂರ್ತಿ ತೆಗೆದರು. ಗುರುದತ್ ತಮ್ಮ ಮುಂದಿನ ಚಿತ್ರ 'ಜಾಲ್' (1952)ಗೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು.

ಸಹಾಯಕನ ಕೆಲಸವೇನು? ಹೇಳಿದ್ದು ಮಾಡುವುದು. ಮೂರ್ತಿ ಹೇಳಿದ್ದನ್ನೂ ಮಾಡಿದರು, ಹೇಳದೇ ಇದ್ದದ್ದನ್ನೂ ಯೋಚಿಸಿದರು. ಅಷ್ಟೇ ವ್ಯತ್ಯಾಸ.

ಎರಡು ಕನ್ನಡಿಯ ಚಮತ್ಕಾರ

ಇನ್ನು ಮೂರ್ತಿಯವರ ಕನ್ನಡಿಯ ಕಥೆ. 'ಕಾಗಜ್ ಕೆ ಫೂಲ್', 1959. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ, ಕಪ್ಪು ಬಿಳುಪು. ಖಾಲಿ ಸ್ಟುಡಿಯೋದಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ದೂರ ದೂರ ನಿಂತಿದ್ದಾರೆ. ಮೇಲಿನಿಂದ ಬೆಳಕಿನ ಒಂದು ದೊಡ್ಡ ಕಂಬ ಓರೆಯಾಗಿ ಇಳಿದು ಬರುತ್ತದೆ. ದೇವಸ್ಥಾನದ ಗವಾಕ್ಷಿಯಿಂದ ಬಿಸಿಲುಕೋಲು ಬೀಳುತ್ತದಲ್ಲ, ಥೇಟ್ ಹಾಗೆ. ಇಂದಿಗೂ ಛಾಯಾಗ್ರಹಣ ಕಲಿಯುವ ಹುಡುಗರಿಗೆ ಆ ದೃಶ್ಯ ತೋರಿಸಿ ಪಾಠ ಹೇಳುತ್ತಾರೆ.

ಆ ಬೆಳಕನ್ನು ಎಲ್ಲಿಂದ ತಂದರು? ವಿದೇಶದಿಂದ ಭಾರಿ ದೀಪ ತರಿಸಿದರೇ? ಊಹ್ಞೂಂ! ಸ್ಟುಡಿಯೋದ ದೀಪಗಳ ಬೆಳಕು ಸೂರ್ಯನ ಬೆಳಕಿನ ಹಾಗೆ ನೇರವಾಗಿ ಬೀಳುವುದಿಲ್ಲ, ದೂರ ಹೋದ ಹಾಗೆಲ್ಲ ಅಗಲವಾಗಿ ಚೆದುರುತ್ತದೆ. ಹಾಗಾದರೆ ಸೂರ್ಯನನ್ನೇ ಒಳಗೆ ಕರೆದರಾಯಿತು! ಹೊರಗಡೆ ಬಿಸಿಲಿಗೆ ಒಂದು ದೊಡ್ಡ ಕನ್ನಡಿ. ಅದು ಹಿಡಿದ ಬಿಸಿಲು ಸ್ಟುಡಿಯೋದ ಒಳಗೆ ಮೇಲೆ ಇಟ್ಟ ಇನ್ನೊಂದು ಕನ್ನಡಿಗೆ. ಅಲ್ಲಿಂದ ನೇರ ನೆಲಕ್ಕೆ. ಗಾಳಿಯಲ್ಲಿನ ಹೊಗೆ, ಧೂಳಿನ ಕಣಗಳು ಹೊಳೆದವು, ಬೆಳಕು ಕಂಬವಾಗಿ ನಿಂತಿತು. ಆಯಿತು ಕಥೆ!

ಯೋಚನೆ ಮಾಡಿ. ಚಿಕ್ಕಂದಿನಲ್ಲಿ ಕನ್ನಡಿ ಚೂರು ಹಿಡಿದು ಎದುರು ಮನೆಯ ಗೋಡೆ ಮೇಲೆ ಬಿಸಿಲು ಕುಣಿಸದವರು ನಮ್ಮಲ್ಲಿ ಯಾರಿದ್ದಾರೆ? ಮೇಷ್ಟ್ರ ಮುಖಕ್ಕೆ ಬಿಟ್ಟು ಏಟು ತಿಂದವರೂ ಇರಬಹುದು! ಅದೇ ಬಿಸಿಲು, ಅದೇ ಕನ್ನಡಿ. ಎಲ್ಲರ ಕೈಗೂ ಸಿಗುವ ವಸ್ತುವನ್ನು ಮೂರ್ತಿ ಎರಡನೇ ಸಲ ನೋಡಿದರು.

ಈಗ ಕಥೆಯ ಕಹಿ ಭಾಗ. 'ಕಾಗಜ್ ಕೆ ಫೂಲ್' ಬಿದ್ದುಹೋಯಿತು. ಗಲ್ಲಾಪೆಟ್ಟಿಗೆಯಲ್ಲಿ ಘೋರ ಸೋಲು. ಗುರುದತ್ ಆಮೇಲೆ ತೆರೆಯ ಮೇಲೆ ನಿರ್ದೇಶಕ ಅಂತ ತಮ್ಮ ಹೆಸರನ್ನೇ ಹಾಕಿಕೊಳ್ಳಲಿಲ್ಲ. 1964ರಲ್ಲಿ, ಇನ್ನೂ 39ನೇ ವಯಸ್ಸಿನಲ್ಲಿ ತೀರಿಕೊಂಡರು. ಹೊಸದು ಮಾಡಿದವನಿಗೆಲ್ಲ ಹಾರ ತುರಾಯಿ ಗ್ಯಾರಂಟಿ ಅಂತ ಈ ಪತ್ರಿಕೆ ನಿಮಗೆ ಸುಳ್ಳು ಹೇಳುವುದಿಲ್ಲ.

ಆದರೆ ಆ ಬೆಳಕು ಸೋಲಲಿಲ್ಲ ನೋಡಿ. ಚಿತ್ರ ಬಿದ್ದರೂ ಮೂರ್ತಿಯವರಿಗೆ ಆ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 1993ರಲ್ಲಿ ಅವರು ನಮ್ಮ ಕನ್ನಡದ 'ಹೂವು ಹಣ್ಣು' ಚಿತ್ರಕ್ಕೂ ಕ್ಯಾಮೆರಾ ಹಿಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಗೌರವ ಪಡೆದ ಮೊಟ್ಟಮೊದಲ ಛಾಯಾಗ್ರಾಹಕ ನಮ್ಮ ಮೈಸೂರಿನವರು! 2014ರಲ್ಲಿ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ಬಿಸಿಲುಕೋಲು ಮಾತ್ರ ಹಾಗೇ ಇದೆ.

ನಮ್ಮೂರ ಕಂಡಕ್ಟರ್

ಇನ್ನೊಬ್ಬ ಕಂಡಕ್ಟರನ ಹೆಸರು ನಾವು ಹೇಳುವ ಮುಂಚೆಯೇ ನೀವು ಕೂಗಿರುತ್ತೀರಿ, ಗೊತ್ತು! ಬೆಂಗಳೂರಿನಲ್ಲಿ 1950ರ ಡಿಸೆಂಬರ್ 12ರಂದು ಹುಟ್ಟಿದ ಶಿವಾಜಿರಾವ್ ಗಾಯಕ್ವಾಡ್. ತಂದೆ ಪೊಲೀಸ್ ಕಾನ್‌ಸ್ಟೇಬಲ್. ಮಗ ಬಿ.ಟಿ.ಎಸ್. ಬಸ್ಸಿನಲ್ಲಿ ಕಂಡಕ್ಟರ್. ಟಿಕೆಟ್ ಹರಿದು ಕೊಡುವುದರಲ್ಲಿ, ಚಿಲ್ಲರೆ ವಾಪಸು ಕೊಡುವುದರಲ್ಲಿ, ಕೂದಲು ಹಿಂದಕ್ಕೆ ತಳ್ಳುವುದರಲ್ಲಿ ಅವನದೇ ಒಂದು ಝಲಕ್ ಇತ್ತು, ಅವನ ಬಸ್ಸಿಗೇ ಕಾದು ಹತ್ತುವವರಿದ್ದರು ಅಂತ ಹಳೇ ಪ್ರಯಾಣಿಕರು ಈಗಲೂ ಹೇಳುತ್ತಾರೆ. ಡ್ಯೂಟಿ ಮುಗಿದರೆ ಪೌರಾಣಿಕ ನಾಟಕ.

ಇವನೊಳಗೆ ನಟನಿದ್ದಾನೆ ಅಂತ ಮೊದಲು ಕಂಡವನು ನಿರ್ಮಾಪಕನೂ ಅಲ್ಲ, ನಿರ್ದೇಶಕನೂ ಅಲ್ಲ. ಅದೇ ಬಸ್ಸಿನ ಡ್ರೈವರ್! ಆ ಗೆಳೆಯ ತನ್ನ ಸಂಬಳದಿಂದ ದುಡ್ಡು ಕೊಟ್ಟು ಮದರಾಸಿನ ಫಿಲಂ ಇನ್‌ಸ್ಟಿಟ್ಯೂಟಿಗೆ ಕಳಿಸಿದ. 1975ರಲ್ಲಿ ಬಾಲಚಂದರ್ ಅವರ 'ಅಪೂರ್ವ ರಾಗಂಗಳ್', 1976ರಲ್ಲಿ ನಮ್ಮ ಪುಟ್ಟಣ್ಣ ಕಣಗಾಲರ 'ಕಥಾ ಸಂಗಮ'. ಆಮೇಲಿನ ರಜನೀಕಾಂತ್ ಕಥೆ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. 2021ರಲ್ಲಿ ದೆಹಲಿಯಲ್ಲಿ ಫಾಲ್ಕೆ ಪ್ರಶಸ್ತಿ ಪಡೆದಾಗ ಗುರುವಿಗೂ ಅಣ್ಣನಿಗೂ ನಮಸ್ಕಾರ ಹೇಳಿ, ಆ ಡ್ರೈವರ್ ಗೆಳೆಯನನ್ನೂ ವೇದಿಕೆಯ ಮೇಲೆ ನೆನೆದರು.

ಗಮನಿಸಿ. ಆ ಸ್ಟೈಲು ಮದರಾಸಿನಲ್ಲಿ ಯಾರೋ ಇಂಜೆಕ್ಷನ್ ಕೊಟ್ಟು ಹಾಕಿದ್ದಲ್ಲ. ತುಂಬಿದ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಟಿಕೆಟ್ ಹರಿಯುವಾಗಲೇ ಬೆಳೆದದ್ದು. ಮತ್ತೂ ಒಂದು ಮಾತು. ಸ್ಟೈಲು ಅಂತ ಹೇಳಿ ಟಿಕೆಟ್ ಕೊಡದೇ ಬಿಟ್ಟಿದ್ದರೆ, ಚಿಲ್ಲರೆ ನುಂಗಿದ್ದರೆ, ಜನ ಮೆಚ್ಚುತ್ತಿದ್ದರೇ? ಕೆಲಸ ಕೆಡಿಸಿ ಮಾಡುವುದು ಶೋಕಿ. ಕೆಲಸದೊಳಗೇ ಇಳಿದು ಮಾಡುವುದು ಕಲೆ.

ಇಲ್ಲದ್ದೇ ಬಂಡವಾಳ

"ಅವರಿಗೆಲ್ಲ ದೇವರು ಕೊಟ್ಟ ಪ್ರತಿಭೆ ಸಾರ್, ನಮಗೇನಿದೆ?" ಅನ್ನುವವರಿಗೆ ನಮ್ಮ ಬಾಲಕೃಷ್ಣ ಅವರನ್ನು ತೋರಿಸಬೇಕು. ಅರಸೀಕೆರೆಯ ಬಾಲಣ್ಣ! 'ಬಂಗಾರದ ಮನುಷ್ಯ'ದ (1972) ರಾಚೂಟಪ್ಪನನ್ನು ಮರೆಯುವವರುಂಟೇ? ಆ ಮಹಾನಟನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ ಅಂತ ಎಷ್ಟು ಜನಕ್ಕೆ ಗೊತ್ತು?

ಮಾತಿನ ಚಿತ್ರದಲ್ಲಿ ಮಾತೇ ಕೇಳದವನು ನಟಿಸುವುದು ಹೇಗೆ ಸ್ವಾಮಿ? ಎದುರು ನಟನ ಮಾತು ಮುಗಿದ ಕ್ಷಣಕ್ಕೆ ಸರಿಯಾಗಿ ತನ್ನ ಮಾತು ಶುರುವಾಗಬೇಕು. ಹಾಸ್ಯದಲ್ಲಂತೂ ಅರೆಕ್ಷಣ ತಡವಾದರೂ ನಗು ಸತ್ತುಹೋಗುತ್ತದೆ. ಬಾಲಣ್ಣ ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿಬಿಟ್ಟಿದ್ದರು! ಅವರ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಎದುರಿನವರನ್ನು ಅವರು ನೋಡುವ ಆ ತೀಕ್ಷ್ಣ ನೋಟ, ಆ ಕಣ್ಣಿನ ಆಟ ನಮಗೆ ನಟನೆಯ ವೈಖರಿಯಾಗಿ ಕಾಣುತ್ತದೆ. 1995ರಲ್ಲಿ ಅವರು ತೀರಿಕೊಂಡರೂ ಇವತ್ತಿಗೂ ಆ ಟೈಮಿಂಗಿಗೆ ಸಾಟಿ ಸುಲಭವಾಗಿ ಸಿಗುವುದಿಲ್ಲ.

ಆ 'ಬಂಗಾರದ ಮನುಷ್ಯ'ದ್ದೇ ಇನ್ನೊಂದು ಮಾತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಚಿತ್ರ. ಅಣ್ಣಾವ್ರ ರಾಜೀವ ಬಂಜರು ನೆಲವನ್ನು ಹಸಿರು ಮಾಡಿದ್ದು ನೋಡಿ, ಪಟ್ಟಣ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದ ಹುಡುಗರ ಕಥೆಗಳನ್ನು ಇಂದಿಗೂ ಹೇಳುತ್ತಾರೆ. ಅವರೂ ಅಭಿಮಾನಿಗಳೇ. ರಾಜೀವನ ಹಾಗೆ ಕ್ರಾಪು ಬಾಚಿಕೊಂಡವರು ನೂರು ಜನ ಇದ್ದಿರಬಹುದು. ರಾಜೀವನ ಹಾಗೆ ತಮ್ಮ ಹೊಲವನ್ನು ಹೊಸ ಕಣ್ಣಿಂದ ನೋಡಿದವರು ಸಿನಿಮಾದಿಂದ ದೊಡ್ಡ ಪಾಲನ್ನು ಮನೆಗೆ ಒಯ್ದರು.

ಜುಟ್ಟಿಗೆ ಮಲ್ಲಿಗೆ ಹೂವೇ?

ಇಲ್ಲಿ ಒಬ್ಬ ಓದುಗ ಮಿತ್ರ ಗುರ್ ಅನ್ನುವುದು ನಮಗೆ ಕೇಳಿಸುತ್ತಿದೆ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಾ? ಕೆಲಸ ಸಿಕ್ಕರೆ ಸಾಕಾಗಿದೆ. ಸಿಕ್ಕ ಕೆಲಸ ಗಾಣದೆತ್ತಿನ ಕೆಲಸ. ಅದರಲ್ಲಿ ಕಲೆ ಎಲ್ಲಿಂದ ತರೋದು?"

ಕೋಪ ನ್ಯಾಯವಾದದ್ದೇ. ಸಂಬಳ ಕಡಿಮೆ ಇದ್ದರೆ ಕೇಳಿ ಪಡೆಯಬೇಕು, ಕಲೆಯ ಹೆಸರಿನಲ್ಲಿ ಅದನ್ನು ಮರೆಸುವುದು ಮೋಸ. ಆದರೆ ಮಿತ್ರಾ, ಜಾನಿ ವಾಕರ್ ಹೊಟ್ಟೆ ತುಂಬಿದ ಮೇಲೆ ತಮಾಷೆ ಶುರು ಮಾಡಲಿಲ್ಲ. ಮನೆ ತುಂಬ ಬಾಯಿಗಳಿದ್ದಾಗ, ಸಂಬಳ ಸಾಲದೇ ಇದ್ದಾಗಲೇ ಮಾಡಿದ. ಆ ಗಾಣದ ಸುತ್ತಿನಲ್ಲಿ ಮನುಷ್ಯ ಎತ್ತಾಗದೆ ಮನುಷ್ಯನಾಗಿಯೇ ಉಳಿಯಲು ಅವನಿಗೆ ಸಿಕ್ಕ ದಾರಿ ಅದು. ಎಂಟು ಗಂಟೆ ದುಡಿಮೆ ಮಾಲೀಕನದ್ದು, ಸರಿ. ಅದನ್ನು ಮಾಡುವ ವರಸೆ ನಿಮ್ಮದೇ. ಅದನ್ನು ಯಾರೂ ಸಂಬಳದ ಪುಸ್ತಕದಲ್ಲಿ ಬರೆದುಕೊಳ್ಳಲಾರರು, ಕಿತ್ತುಕೊಳ್ಳಲೂ ಆರರು.

ಸುತ್ತ ಕಣ್ಣಾಡಿಸಿ. ದರ್ಶಿನಿ ಇನ್ನೂ ಇಲ್ಲದ ಊರಿನ ಹೋಟೆಲಿನಲ್ಲಿ ಸಪ್ಲಯರ್ ಹುಡುಗ ಇಡ್ಲಿ, ವಡೆ, ದೋಸೆ, ಉಪ್ಪಿಟ್ಟಿನ ಪಟ್ಟಿಯನ್ನು ಒಂದೇ ಉಸಿರಿಗೆ ತಾಳ ಹಾಕಿ ಹೇಳುತ್ತಾನೆ. ಕಡ್ಲೆಕಾಯಿ ಮಾರುವವನು ಹಳೇ ಕಾಗದವನ್ನು ಒಂದೇ ಸುತ್ತಿಗೆ ಪೊಟ್ಟಣ ಮಾಡುತ್ತಾನೆ. ಪಂಕ್ಚರ್ ಅಂಗಡಿಯವನು ಸವೆದ ಟ್ಯೂಬನ್ನು ಕತ್ತರಿಸಿ ಕ್ಯಾರಿಯರಿಗೆ ಕಟ್ಟುವ ಪಟ್ಟಿ ಮಾಡಿಕೊಡುತ್ತಾನೆ. ಆಟೋ ಅಣ್ಣಂದಿರ ಮಾತಂತೂ ಕೇಳುವುದೇ ಬೇಡ! 'ಆಟೋ ರಾಜ' (1980) ಬಂದ ಮೇಲೆ ಶಂಕರ್‌ನಾಗ್ ಅವರ ಪಾಲಿಗೆ ಮನೆದೇವರೇ ಆದರು. 1990ರಲ್ಲಿ ಶಂಕ್ರಣ್ಣ ಹೋದರೂ ಆಟೋಗಳ ಮೇಲಿನ ಅವರ ಚಿತ್ರ ಹೋಗಿಲ್ಲ. ಆ ಚಿತ್ರದ ಪಕ್ಕದಲ್ಲೇ ಪ್ರಾಸ ಕಟ್ಟಿ ಎರಡು ಸಾಲು ಬರೆಸುತ್ತಾರಲ್ಲ, ಸಿಗ್ನಲ್ಲಿನಲ್ಲಿ ನಿಂತವರನ್ನೆಲ್ಲ ನಗಿಸುವ ಸಾಲು, ಅದಕ್ಕೆ ಯಾವ ಅಕಾಡೆಮಿ ಪ್ರಶಸ್ತಿ ಕೊಟ್ಟಿದೆ?

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಮೊಬೈಲು. ಬೆಳಗಾದರೆ ರೀಲ್ಸ್. ಸಂತೋಷ, ಮಾಡಿ! ಆದರೆ ಅದೇ ಹಾಡು, ಅದೇ ಸ್ಟೆಪ್ಪು, ಅದೇ ಕನ್ನಡಕ ಎಲ್ಲರೂ ಹಾಕಿಕೊಂಡರೆ ಅದು ಕಾರ್ಬನ್ ಕಾಪಿ. ಮೂರ್ತಿಯವರ ಹತ್ತಿರ ಇದ್ದದ್ದು ಕನ್ನಡಿ, ನಿಮ್ಮ ಹತ್ತಿರ ಇರುವುದೂ ಒಂದು ಥರದ ಕನ್ನಡಿಯೇ. ಅದರಲ್ಲಿ ಬರೀ ಮುಖ ನೋಡಿಕೊಳ್ಳಬಹುದು. ತಿರುಗಿಸಿ ಹಿಡಿದರೆ ಬೆಳಕನ್ನೂ ತರಬಹುದು.

ನಾಳೆಯಿಂದ ಏನು ಮಾಡೋಣ?

ಉಪದೇಶ ನಮಗೆ ಬರುವುದಿಲ್ಲ, ನಿಮಗೂ ಬೇಡ. ಸಣ್ಣದೊಂದು ಪಂದ್ಯ ಕಟ್ಟೋಣ. ನೀವು ದಿನಾ ಮಾಡುವ ಕೆಲಸಗಳಲ್ಲಿ ಅತ್ಯಂತ ಬೇಸರದ್ದು ಯಾವುದು? ಅಂಗಡಿಯ ಸಾಮಾನು ಜೋಡಿಸುವುದೇ, ಬಿಲ್ಲು ಬರೆಯುವುದೇ, ಗಾರೆ ಕಲಸುವುದೇ, ಲೆಕ್ಕದ ಪುಸ್ತಕವೇ, ತಂಗಿಗೆ ಪಾಠ ಹೇಳುವುದೇ? ಅದೊಂದನ್ನು ಹಿಡಿಯಿರಿ. ವಾರದಲ್ಲಿ ಒಂದೇ ಒಂದು ಸಲ ಅದನ್ನು ನಿಮ್ಮದೇ ರೀತಿಯಲ್ಲಿ ಮಾಡಿ. ಇನ್ನೂ ಬೇಗ ಆಗುವ ಹಾಗೆ, ಇನ್ನೂ ಅಂದವಾಗುವ ಹಾಗೆ, ಇಲ್ಲವೇ ಎದುರಿಗಿದ್ದವರು ನಗುವ ಹಾಗೆ. ಕೆಟ್ಟರೆ ಮರುದಿನ ಹಳೇ ರೀತಿ ಇದ್ದೇ ಇದೆ, ಗಂಟೇನೂ ಹೋಗುವುದಿಲ್ಲ.

ಮತ್ತು ಇನ್ನೊಂದು ಕೆಲಸ ಉಂಟು, ಅದು ಇನ್ನೂ ಸುಲಭ. ನಿಮ್ಮ ಪಕ್ಕದಲ್ಲಿ ಒಬ್ಬ ಗೆಳೆಯ ಇದ್ದಾನೆ. ಏನೋ ಒಂದು ಚೆನ್ನಾಗಿ ಮಾಡುತ್ತಾನೆ, ಮಿಮಿಕ್ರಿಯೋ, ಮರಗೆಲಸವೋ, ಅಕ್ಷರ ಬರೆಯುವುದೋ. ನೀವು ದಿನಾ ನೋಡುತ್ತೀರಿ, ಒಂದು ದಿನವೂ ಹೇಳಿಲ್ಲ. ಹೇಳಿ! ಬಲರಾಜ್ ಸಾಹ್ನಿ ಎಲ್ಲರ ಬಸ್ಸಿಗೂ ಹತ್ತುವುದಿಲ್ಲ, ನಿಜ. ಆದರೆ ಪ್ರತಿ ಬಸ್ಸಿಗೂ ಒಬ್ಬ ಡ್ರೈವರ್ ಇದ್ದೇ ಇರುತ್ತಾನೆ. ಕಂಡಕ್ಟರನ ಕೈಚಳಕ ಕಂಡು "ನಿನ್ನಲ್ಲಿ ಏನೋ ಇದೆ ಕಣೋ" ಅನ್ನುವ ಡ್ರೈವರ್ ನೀವೇ ಯಾಕಾಗಬಾರದು?

ಏನಂತೀರಿ? ರೈಟ್... ರೈಟ್!